ಚಕ್ಕುಬಂದಿ

ಮೊದಲು ಆ ಕ್ಯಾಪ್ಸ್ ಲಾಕ್ ಕಿತ್ತುಹಾಕು, ಪಾಲಾಕ್ಷಿ.
ಕೀಲಿಯನ್ನಲ್ಲ, ಅದರ ಕೆಲಸವನ್ನು.
ಕನ್ನಡಕ್ಕೆ ದೊಡ್ಡಕ್ಷರವಿಲ್ಲ,
ಇದ್ದ ನಲವತ್ತೊಂಬತ್ತೂ ಒಂದೇ ಎತ್ತರದವು.
ಅಷ್ಟು ಒಳ್ಳೆ ಜಾಗದಲ್ಲಿ, ಕಿರುಬೆರಳ ಪಕ್ಕದಲ್ಲೇ,
ಕೆಲಸವಿಲ್ಲದವನನ್ನು ಕೂರಿಸಿ ಸಾಕುವುದೇಕೆ?
ಕಂಟ್ರೋಲನ್ನು ಅಲ್ಲಿಗೆ ತಾ.
ಸಂಜೆಗೆ ಮಣಿಕಟ್ಟು ನಿನ್ನನ್ನು ಹರಸುತ್ತದೆ.

ನಾನು ಕಲಿತದ್ದು ಹಾಲೇಶಪ್ಪ ಮೇಷ್ಟ್ರ ಟೈಪಿಂಗ್ ಶಾಲೆಯಲ್ಲಿ.
ಕೀಲಿಗಳ ಮೇಲೆ ಟವೆಲ್ ಹೊದಿಸಿ ಹೊಡೆಸೋರು,
"ಬೆರಳಿಗೆ ಕಣ್ಣು ಬರಬೇಕು" ಅನ್ನೋರು.
ಬಂತು. ಆದರೆ ಆ ಯಂತ್ರ ಹೇಗಿತ್ತೋ ಹಾಗೇ ಇತ್ತು,
ಬಗ್ಗಿದ್ದು ನಾವು.
ಇದು ಹಾಗಲ್ಲ. ಇದು ಹೊಲಿಯದ ಬಟ್ಟೆ,
ಅಳತೆ ನಿನ್ನದು, ಕತ್ತರಿ ನಿನ್ನದು,
ಕೆಟ್ಟರೆ ಬೈಸಿಕೊಳ್ಳುವವನೂ ನೀನೇ.

ಹನ್ನೊಂದು ವರ್ಷದ ಸೆಟ್ಟಿಂಗುಗಳೆಲ್ಲ ಈ ಒಂದೇ ಕಡತದಲ್ಲಿ.
ಅರ್ಧವಿರಾಮದಿಂದ ಶುರುವಾಗುವ ಸಾಲನ್ನು ಯಂತ್ರ ಓದುವುದಿಲ್ಲ,
ಅದು ನನಗೆ ನಾನೇ ಬರೆದುಕೊಂಡ ಚೀಟಿ.
ಇಲ್ಲಿ ನೋಡು: "ಅಕ್ಕನ ಮಗನ ಜಾವಳದ ಹಿಂದಿನ ರಾತ್ರಿ ಸೇರಿಸಿದ್ದು."
ಇಲ್ಲಿ: "ಮುಟ್ಟಬೇಡ. ಯಾಕೆ ನಡೆಯುತ್ತಿದೆಯೋ ಗೊತ್ತಿಲ್ಲ."
ಈಗಲೂ ಗೊತ್ತಿಲ್ಲ. ಮುಟ್ಟಿಲ್ಲ.
ನೀನೂ ಬರೆದಿಡು, ಏನು ಮಾಡಿದೆ ಎಂದಲ್ಲ, ಯಾಕೆ ಎಂದು.
ಆರು ತಿಂಗಳು ಕಳೆದರೆ ನೀನೇ
ಪರಊರಿನವನಂತೆ ಬಂದು ದಾರಿ ಕೇಳುತ್ತೀಯ.

ಹಳೇ ನುಡಿಯಲ್ಲಿ ಹೊಡೆದ ಪತ್ರಗಳನ್ನು ಯೂನಿಕೋಡಿಗೆ ತಂದಾಗ
ಅರ್ಕಾವತ್ತುಗಳೆಲ್ಲ ಜಾಗ ತಪ್ಪಿ
ವರ್ಷವೆಲ್ಲ ವಷರ್, ದುರ್ಗವೆಲ್ಲ ದುಗರ್.
ಕಲ್ಲು ಅಲುಗದ ಊರು
ಒಂದು ಒತ್ತಿಗೆ ಉರುಳಿಬಿದ್ದಿತ್ತು.
ಮ್ಯಾಕ್ರೋ ಬರೆದೆ, ಮೂರೇ ಸಾಲು.
ಚಹಾ ಆರುವುದರೊಳಗೆ ಇನ್ನೂರ ಹದಿನಾಲ್ಕು ಪತ್ರಗಳಲ್ಲಿ
ಊರು ಎದ್ದು ನಿಂತು ತನ್ನ ಹೆಸರು ಹೇಳಿತು.
ಅವತ್ತು ನನಗೆ ಬಲು ಸೊಕ್ಕು ಬಂತು.

ಆ ಸೊಕ್ಕಿನಲ್ಲೇ ಕಟ್ಟಿದ್ದು ಈ ಸಂಕ್ಷೇಪಗಳು.
'ಚಬ' ಒತ್ತಿದರೆ ಚಕ್ಕುಬಂದಿ,
ಪೂರ್ವ ಪಶ್ಚಿಮ ಉತ್ತರ ದಕ್ಷಿಣ
ನಾಲ್ಕೂ ಬಾಯಿ ತೆರೆದು ನಿಲ್ಲುತ್ತವೆ.
ತುತ್ತಿಡುವುದು ನಿನ್ನ ಕೆಲಸ: ಪಾಲಯ್ಯನ ಹೊಲ, ಬಂಡಿದಾರಿ,
ಹಳ್ಳ, ಸರ್ಕಾರಿ ಗುಡ್ಡ.
ನಮ್ಮ ಕಡೆ ಯಾವುದಾದರೊಂದು ದಿಕ್ಕಿಗೆ ಗುಡ್ಡ ಇದ್ದೇ ಇರುತ್ತದೆ.
'ಸ್ವಖು' ಅಂದರೆ
"ಸ್ವಖುಷಿಯಿಂದ, ಸ್ವಸ್ಥ ಬುದ್ಧಿಯಿಂದ,
ಯಾರ ಒತ್ತಾಯ, ಬಲವಂತ, ಪ್ರೇರಣೆಯೂ ಇಲ್ಲದೆ
ಬರೆದುಕೊಟ್ಟ ಹಕ್ಕು ಖುಲಾಸೆ ಪತ್ರ."
ಎರಡಕ್ಷರಕ್ಕೆ ಮೂರು ಸಾಲು. ಲಾಭವೋ ಲಾಭ.

ಒಂದು ಸೋಮವಾರ ಭರಮಸಾಗರದ ಕಡೆಯವರು ಬಂದರು.
ಮೂವರು ಅಣ್ಣಂದಿರು, ಒಬ್ಬಳು ತಂಗಿ.
ಹೆಸರು ಶಾಂತವೀರಮ್ಮ, ಆಧಾರಿನಲ್ಲಿ ಶಾಂತಮ್ಮ.
ಅದನ್ನು ಹಿಡಿದೆ, ಸರಿಪಡಿಸಿದೆ, ಬಹಳ ಚುರುಕಾಗಿದ್ದೆ.
ಹಿರಿಯವನು ಹೇಳುತ್ತಿದ್ದ. ಅವಳು ಸೆರಗಿನಂಚಿನ ದಾರವೊಂದನ್ನು
ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.
ಸ್ವಖು. ಸ್ಪೇಸ್.
ಅವಳು ಬಾಯಿ ತೆರೆಯುವ ಮೊದಲೇ
ಪರದೆಯ ಮೇಲೆ ಅವಳ ಖುಷಿ ಎದ್ದು ನಿಂತಿತ್ತು.
"ಆಯ್ತಾ?" ಅಂದಳು, ಅಷ್ಟೇ.
ಚೆಂದದ ಸಹಿ.

ಎದುರಿನ ಆಫೀಸಿನ ಮೊಹರು ಬಿದ್ದ ಮೇಲೆ
ನನ್ನ ಅನ್‌ಡೂ ರಸ್ತೆ ದಾಟುವುದಿಲ್ಲ.

ಆ ರಾತ್ರಿ ಆ ಸಾಲಿನ ಮುಂದೆ ಒಂದು ಅರ್ಧವಿರಾಮ ಇಟ್ಟೆ.
ಅಳಿಸಲಿಲ್ಲ. ಯಂತ್ರ ಓದಬಾರದು, ನಾನು ಓದಬೇಕು.
ಈಗ ಅದನ್ನು ಬೆರಳಲ್ಲೇ ಹೊಡೆಯುತ್ತೇನೆ, ಒಂದೊಂದೇ ಅಕ್ಷರ.
'ಒತ್ತಾಯ'ದ ತಕ್ಕೆ ಒತ್ತು ಕೊಡುವಷ್ಟರಲ್ಲಿ
ತಲೆ ಎತ್ತಿ ಎದುರಿನ ಮುಖ ನೋಡಲು ಹೊತ್ತು ಸಿಗುತ್ತದೆ.
ಸಾಮಾನ್ಯವಾಗಿ ಏನೂ ಆಗುವುದಿಲ್ಲ.
ಎರಡು ಸಲ ಮಾತ್ರ "ನಿಲ್ಲಿಸಕ್ಕಾ" ಅಂದಿದ್ದಾರೆ.

ಬಣ್ಣ ನಿನಗೆ ಬೇಕಾದ್ದು ಇಟ್ಟುಕೋ. ಕಪ್ಪು ಹಿನ್ನೆಲೆ ಬೇಡ,
ಮಧ್ಯಾಹ್ನ ಬಂಡೆಗಳ ಬಿಸಿಲು ಕಿಟಕಿಗೆ ಬಡಿದರೆ
ಪರದೆಯಲ್ಲಿ ನಿನ್ನ ಮುಖವೇ ಕಾಣುತ್ತದೆ.
ಶನಿವಾರ ಶನಿವಾರ ಪೆನ್‌ಡ್ರೈವಿಗೆ ನಕಲು.
ಮಂಡಕ್ಕಿ ಕೀಬೋರ್ಡಿನಿಂದ ದೂರ.
ನನ್ನ ಕಡತವನ್ನು ತಗೋ, ಬೇಡವೆನ್ನುವುದಿಲ್ಲ,
ಇಡಿಯಾಗಿ ಮಾತ್ರ ಬೇಡ. ಒಂದೊಂದು ಸಾಲು, ಅರ್ಥವಾದ ಮೇಲೆ.
ಆ ಅರ್ಧವಿರಾಮ ತೆಗೆಯಬೇಡ.
ತೆಗೆದೆಯೋ, ಯಾಕೆ ತೆಗೆದೆ ಎಂದು
ಪಕ್ಕದಲ್ಲಿ ಬರೆದಿಡು.