ಎದೆಯೆತ್ತರ

ಟೇಪು ಹಿಡಿಯುವುದು ನನ್ನ ಕೆಲಸ.
ಅಂಕಿ ಕೂಗುವುದು ಗಾದಿಲಿಂಗಪ್ಪನದು,
ಬರೆದುಕೊಳ್ಳುವುದು ಸಾಹೇಬರದು.
ದಿನಗೂಲಿ. ಬುತ್ತಿ ನಮ್ಮದೇ.

ಸಂಡೂರಿನ ಈ ಗುಡ್ಡವನ್ನು ಅಗೆಯುವ ಮೊದಲು
ಎಷ್ಟು ಮರ ಹೋಗುತ್ತವೆಂದು
ಕಾಗದಕ್ಕೆ ಗೊತ್ತಿರಬೇಕಂತೆ.
ನೆಲದಿಂದ ಎದೆಯೆತ್ತರಕ್ಕೆ ಟೇಪು ಸುತ್ತು,
ಮೂವತ್ತು ಸೆಂಟಿಮೀಟರ್ ದಾಟಿದರೆ ಮರ.
ದಾಟದಿದ್ದರೆ
ಏನೂ ಅಲ್ಲ.

ದಿಂಡಿಗ, ಆರುನೂರ ಹತ್ತು. ಕಮರ, ಆರುನೂರ ಹನ್ನೊಂದು.
ತುಪ್ರ, ಆರುನೂರ ಹನ್ನೆರಡು.
ಬಿಳಿ ಪೇಂಟಿನ ನಂಬರು ಹೊತ್ತು ನಿಂತಿದ್ದವು
ಲಾರಿ ಹತ್ತಲು ಬಂದವರ ಹಾಗೆ.

ಹಳ್ಳದ ಕೊರಕಲಿಗೆ ಇಳಿದರೆ ಕುಂಟುನೇರಳೆ.
ಬುಡದಲ್ಲೇ ಹನ್ನೆರಡು ಕೈ ಒಡೆದು
ಯಾವ ಕೈಯೂ ನನ್ನ ಮುಂಗೈಯಷ್ಟು ದಪ್ಪವಿಲ್ಲ.
ಸುತ್ತಿದೆ. ಹನ್ನೊಂದು.
ಇನ್ನೊಂದಕ್ಕೆ ಸುತ್ತಿದೆ. ಒಂಬತ್ತೂವರೆ.
“ಪೊದೆ ಅದು. ನಡಿ ಮುಂದಕ್ಕೆ.”

“ಇದ್ರ ಅಣ್ಣ ದೊಡ್ಡ ನೇರಳೆ ಮ್ಯಾಗ ಐತ್ರಿ, ಬರ್ಕಂಡ್ರಿ.
ತಮ್ಮ ಏನ್ ಪಾಪ ಮಾಡ್ಯಾನ?” ಅಂದ ಗಾದಿಲಿಂಗಪ್ಪ.
ಆಚೆ ಗುಡ್ಡದಲ್ಲಿ ಪರಿಹಾರಕ್ಕೆಂದು ನೆಟ್ಟ
ನೀಲಗಿರಿಯೂ ಇದೇ ಮನೆತನ.
ಬೇರೆ ದೇಶದಿಂದ ಬಂದ ದಾಯಾದಿಗೆ
ನಂಬರೂ ಉಂಟು, ಬೇಲಿಯೂ ಉಂಟು.

ಒಂದು ಎಲೆ ಕಿತ್ತೆ.
ಅಂಗಿಗೆ ಒರೆಸಿದರೆ ಕೆಂಪು ಧೂಳು ಅಂಗಿಗೆ ಬಂತು,
ಹಸಿರು ಎಲೆಗೆ ಬಂತು.
ಬಿಸಿಲಿಗೆ ಹಿಡಿದೆ:
ತುಂಬ ಸಣ್ಣ ಸಣ್ಣ ಬೆಳಕಿನ ಚುಕ್ಕಿ,
ಯಾರೋ ಸೂಜಿ ಚುಚ್ಚಿ
ದಾರ ಪೋಣಿಸುವುದನ್ನು ಮರೆತು ಎದ್ದುಹೋದ ಹಾಗೆ.
ಹಿಸುಕಿದೆ. ಅಜ್ಜಿಯ ಹಲ್ಲುನೋವಿನ
ಲವಂಗದ ವಾಸನೆ.

ಅಷ್ಟರಲ್ಲಿ ಪೊದೆಯೇ ಕೆಮ್ಮಿತು.
ತಾಂಡಾದ ಸೋಮ್ಲಿಬಾಯಿ, ಮಂಕರಿಯಲ್ಲಿ ಅರ್ಧ ಹಣ್ಣು.
ಬಸ್‌ಸ್ಟ್ಯಾಂಡಿನಲ್ಲಿ ಲೋಟಕ್ಕೆ ಇಷ್ಟು ಅಂತ ಮಾರುವಾಕೆ.
ಕುಡುಗೋಲಿನಂತೆ ಬಾಗಿದ ಬೆನ್ನು,
ಅವಳ ಎದೆ ಇದ್ದದ್ದು ನನ್ನ ತೊಡೆಯ ಮಟ್ಟಕ್ಕೆ.

“ಎದಿ ಎತ್ತರ ಅಂದ್ರ,” ಕೇಳಿದಳು, “ಯಾರ ಎದಿ?
ನಿಂದ? ನಂದ?
ರಾತ್ರಿ ಇಲ್ಲಿಗೆ ಕರಡಿ ಬರ್ತೈತಿ ಮರಿ ಕಟ್ಟಿಗೊಂಡು,
ಆ ಮರೀದ?”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಅವಳು ತಲೆಯ ಬಟ್ಟೆ ಬಿಚ್ಚಿ,
ಕನ್ನಡಿ ಕವಡೆ ಝಣ ಝಣ ಎನ್ನುವುದನ್ನು,
ಹನ್ನೆರಡು ಕೈಗೂ ಒಟ್ಟಿಗೆ ಸುತ್ತಿ,
ಎಮ್ಮೆ ಕಟ್ಟುವ ಗಂಟು ಹಾಕಿ
ಎಳೆದಳು.
“ಈಗ ಅಳಿ.”

ಅಳೆದೆ. ಏಕೆ ಅಳೆದೆನೋ.
“ನಲವತ್ತಮೂರು!” ಕೂಗಿಯೇಬಿಟ್ಟ ಗಾದಿಲಿಂಗಪ್ಪ,
ಗುಡ್ಡ ಒಮ್ಮೆ ತಿರುಗಿ ಅಂದಿತು.

ಸಾಹೇಬರು ನಕ್ಕರು. ಕೆಟ್ಟವರಲ್ಲ.
“ರೂಲ್ಸಿನಲ್ಲಿ ಇಲ್ಲಮ್ಮ,” ಅಂದರು,
ಷರಾ ಕಾಲಮ್ಮಿನ ಮೇಲೆ ಪೆನ್ನು
ಸ್ವಲ್ಪ ಹೊತ್ತು ನಿಂತಿತ್ತು,
ಅದನ್ನು ನಾನು ನೋಡಿದ್ದೇನೆ.

ಗಂಟು ಬಿಚ್ಚಿದಳು.
ಕೊಂಬೆಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋದವು,
ಬೈಸಿಕೊಂಡ ಮಕ್ಕಳು ಬಿಸಿಲಿಗೆ ಓಡುವ ಹಾಗೆ.
ಎಲ್ಲರಿಗೂ ಒಂದೊಂದು ಬೊಗಸೆ ಕೊಟ್ಟಳು,
ಸಾಹೇಬರ ಹತ್ತಿರ ಮಾತ್ರ ಹತ್ತು ರೂಪಾಯಿ ಇಸಗೊಂಡಳು.

ಮಧ್ಯಾಹ್ನದ ಮೇಲೆ ಅಂಕಿಗಳೆಲ್ಲ
ನೇರಳೆ ನಾಲಿಗೆಯಿಂದ ಬಂದವು.
ಆರುನೂರ ಹದಿಮೂರು, ಮತ್ತಿ.
ಆರುನೂರ ಹದಿನಾಲ್ಕು, ಮತ್ತೆ ಕಮರ.

ನಾಳೆ ಬೇರೆ ಬ್ಲಾಕು.
ಟೇಪಿನ ಮೇಲೆ ನಲವತ್ತಮೂರರ ಹತ್ತಿರ ಒಂದು ಕಲೆ.
ತೊಳೆಯಲು ಹೇಳಿದರು, ತೊಳೆದೆ.
ಸರಿಯಾಗಿ ತೊಳೆಯಲಿಲ್ಲ.