ಎರಡನೆಯ ಸದ್ದು

ಬೀಗಕ್ಕೆ ಎರಡು ಸದ್ದು.
ಮೊದಲನೆಯದು ಕಳ್ಳನಿಗೂ ಕೇಳುತ್ತದೆ.
ಎರಡನೆಯದು, ಒಳಗಿನ ಲಿವರು ತನ್ನ ತಾವಿಗೆ ಬಂದು
ಕೂತ ಸದ್ದು, ಕಿವಿಗಲ್ಲ,
ಬೆರಳಿಗೆ ಕೇಳುತ್ತದೆ.
ಇದನ್ನು ನನಗೆ ಹೇಳಿಕೊಟ್ಟವಳು ಎನಿಡ್ ಟಾಂಕ್ಸ್,
ಬಲಗೈಯ ಎರಡು ಬೆರಳನ್ನು ಪ್ರೆಸ್ಸಿಗೆ ಕೊಟ್ಟು
ಉಳಿದ ಮೂರರಲ್ಲೇ
ವಿಲನ್‌ಹಾಲಿನ ಅರ್ಧ ಬಾಗಿಲುಗಳನ್ನು ಪಾಸು ಮಾಡಿದವಳು.

ಮೂವತ್ತೊಂದು ವರ್ಷ.
ಹಿತ್ತಾಳೆಯ ಪುಡಿ ಉಗುರಿನ ಸಂದಿಗಿಳಿದು
ಕ್ರಿಸ್‌ಮಸ್ಸಿನ ರಜೆಯಲ್ಲೂ ಬಿಡದೆ
ನಾದಿದ ಹಿಟ್ಟಿನಲ್ಲಿ ಮಿನುಗುತ್ತಿತ್ತು.
ನಮ್ಮ ಕ್ಲೈವ್ ಅನ್ನುತ್ತಿದ್ದ:
ನಿನ್ನನ್ನು ತಕ್ಕಡಿಗೆ ಹಾಕಿದರೆ
ಗುಜರಿಯವನು ಒಳ್ಳೆ ರೇಟು ಕೊಡ್ತಾನೆ ಕಣೇ.

ಇಪ್ಪತ್ತೈದು ತುಂಬಿದಾಗ ಒಂದು ಗಡಿಯಾರ ಕೊಟ್ಟರು.
ಬೆನ್ನ ಮೇಲೆ ಕೆತ್ತನೆ: ಹೇಜಲ್ ಪಿಚ್‌ಫರ್ಡ್, ನಿಷ್ಠೆಯ ಸೇವೆಗೆ.
ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು.
ಹೇಳಲಿಲ್ಲ. ಕೊಟ್ಟವರು ನೊಂದುಕೊಂಡಾರು.

ಆಮೇಲೊಂದು ಮಂಗಳವಾರ, ಕ್ಯಾಂಟೀನಿನಲ್ಲಿ.
ಹೇಳಿದವನು ನಮ್ಮವನಲ್ಲ,
ಹೇಳುವುದಕ್ಕೆಂದೇ ಬಾಡಿಗೆಗೆ ಬಂದವನು.
ಸ್ಥಳಾಂತರ ಎಂದ,
ಬೀರುವೊಂದನ್ನು ಈ ಕೋಣೆಯಿಂದ ಆ ಕೋಣೆಗೆ ಸರಿಸಿದ ಹಾಗೆ.
ಮುಚ್ಚುತ್ತೇವೆ ಎಂಬ ಮಾತು
ಆ ನಲವತ್ತು ನಿಮಿಷದಲ್ಲಿ ಒಮ್ಮೆಯೂ ಬರಲಿಲ್ಲ.
ಹಿಂದಿನ ಬೆಂಚಿನಿಂದ ನಾರ್ಮ್ ಕೇಳಿದ:
ಶುಕ್ರವಾರದ ಮೀನು ಇರುತ್ತೋ ಇಲ್ಲವೋ?
ನಕ್ಕೆವು. ನಕ್ಕು ಮುಗಿದ ಮೇಲೆ
ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆರು ವಾರ ನಿಂತು ಕಲಿಸಿಕೊಟ್ಟರೆ
ಎರಡು ಸಾವಿರ ಪೌಂಡು ಮೇಲೆ.
ವೆನ್‌ಜೌದಿಂದ ನಾಲ್ವರು ಬಂದರು.
ನನ್ನ ಪಾಲಿಗೆ ಯಾಜೆನ್, ಇಪ್ಪತ್ತಮೂರು,
ಏಪ್ರಿಲ್ಲಿನಲ್ಲೂ ಕೋಟು ಬಿಚ್ಚದವಳು,
ನಾನು ಕೆಮ್ಮಿದರೂ ಬರೆದುಕೊಳ್ಳುವವಳು.

ನಾರ್ಮ್ ಹೇಳಿದ: ಎರಡನೆಯದನ್ನು ಮಾತ್ರ ಹೇಳಬೇಡ.
ಕೆಟ್ಟ ಬೀಗಗಳೆಲ್ಲ ವಾಪಸು ಬಂದು
ಅವರ ಬಾಗಿಲಲ್ಲೇ ರಾಶಿ ಬೀಳಲಿ.
ಉಂಡ ಮನೆಯ ಜಂತೆ ಎಣಿಸಬಾರದು, ಗೊತ್ತು.
ಮನೆಯವರೇ ಜಂತೆ ಕಳಚಿ, ನಂಬರು ಬರೆದು,
ಹಡಗಿಗೆ ಹೇರುತ್ತಿರುವಾಗ
ಎಣಿಸದೆ ಇನ್ನೇನು ಮಾಡಲಿ?

ಐದು ವಾರ ಬಾಯಿ ಬಿಗಿಹಿಡಿದೆ.
ಆರನೆಯದರ ಗುರುವಾರ ಆ ಹುಡುಗಿ
ಒಂದು ಬೀಗವನ್ನು ಪಾಸಿನ ತಟ್ಟೆಗೆ ಹಾಕಿದಳು.
ತೆಗೆದಳು. ಮತ್ತೆ ಹಾಕಿದಳು. ತೆಗೆದಳು.
ಏನೋ ತಪ್ಪಿದೆ, ಏನೆಂದು ತಿಳಿಯದು,
ಹುಬ್ಬು ಗಂಟಿಕ್ಕಿತ್ತು.
ಆ ಹುಬ್ಬಿನ ಪರಿಚಯವಿತ್ತು ನನಗೆ,
ಹತ್ತೊಂಬತ್ತರಲ್ಲಿ ನನ್ನ ಮುಖದ ಮೇಲೇ ಇತ್ತು.
ಅವಳ ಬೆರಳ ಮೇಲೆ ಬೆರಳಿಟ್ಟು
ಕೀಲಿ ತಿರುಗಿಸಿದೆ.
ದುಭಾಷಿ ಚಹಾ ಕುಡಿಯಲು ಹೋಗಿದ್ದ.
ಬೇಕಾಗಲಿಲ್ಲ.

ಕೊನೆಯ ದಿನ ಗೇಟಿನಲ್ಲಿ
ನಾರ್ಮ್ ನನ್ನೊಡನೆ ಮಾತಾಡಲಿಲ್ಲ.
ಕಂಪನಿಯ ನಿಯತ್ತಿನ ನಾಯಿ ಅಂದನಂತೆ.
ಕಂಪನಿಗಲ್ಲವೋ ಮಾರಾಯ.
ಮತ್ತೆ ಯಾವುದಕ್ಕೆ ಎಂದು ಕೇಳಿದ್ದರೆ
ಹೇಳಲು ನನಗೂ ಬರುತ್ತಿರಲಿಲ್ಲ.

ಈಗ ವಾಲ್ಸಾಲಿನ ಆಸ್ಪತ್ರೆಯಲ್ಲಿ
ರಾತ್ರಿ ಪಾಳಿ, ಊಟದ ಗಾಡಿ ತಳ್ಳುತ್ತೇನೆ.
ಅಲ್ಲಿ ಬಾಗಿಲುಗಳಿಗೆ ಕಾರ್ಡು ತೋರಿಸಿದರೆ ಸಾಕು,
ಪೀಂ ಅನ್ನುತ್ತವೆ, ಅಷ್ಟೆ.

ಮೊನ್ನೆ ಅಂಗಡಿಯಲ್ಲಿ, ಪೇಂಟು ಡಬ್ಬಿಗಳ ಆಚೆ,
ನಮ್ಮದೇ ಸಿಂಹದ ಮುದ್ರೆ,
ಬೆಲೆ ನಮ್ಮ ಕಾಲದ್ದರಲ್ಲಿ ಅರ್ಧ.
ಪ್ಲಾಸ್ಟಿಕ್ಕು ಹರಿದೆ.
ಹುಡುಗನೊಬ್ಬ ಓಡಿ ಬಂದ:
ಮೇಡಂ, ಹರಿದದ್ದನ್ನು ಕೊಳ್ಳಲೇಬೇಕು.
ಒಂದು ನಿಮಿಷ ಸದ್ದು ಮಾಡಬೇಡ ಮಗೂ, ಅಂದೆ.
ಒಂದು ಬೀಗ, ಒಂದೇ ಸದ್ದು.
ಇನ್ನೊಂದು, ಅದೇ.
ಮೂರನೆಯದೂ ಮೂಗಿ.
ನಾಲ್ಕನೆಯದರ ಕೀಲಿ ತಿರುಗಿಸಿ
ಬಣ್ಣದ ವಾಸನೆಯ ನಡುವೆ
ಕಣ್ಣು ಮುಚ್ಚಿ ನಿಂತೆ,
ಎಷ್ಟು ಹೊತ್ತೋ.

ನಾಲ್ಕಕ್ಕೂ ದುಡ್ಡು ಕೊಟ್ಟೆ.
ನನ್ನ ಮನೆಗಿರುವುದು
ಎರಡೇ ಬಾಗಿಲು.