ಜಾಳು ಗ್ವಾಡಿ

ಗುಳೇದಗುಡ್ಡದಾಗ ಈರಸಂಗಪ್ಪನ ಆ ಹೊಸಾ ಖೋಲಿ
ಕಟ್ಟಿದಾಂವ ನಾನ. ಸುಳ್ಳು ಯಾಕ ಹೇಳ್ಲಿ.
ನಾಕಿಂಚಿನ ಬ್ಲಾಕು, ಐದಿಂಚಿನ ಸ್ಲ್ಯಾಬು,
ಗುಲಾಬಿ ಬಣ್ಣ, ನಡುವ ಒಂದು ಫ್ಯಾನು.
ಮಗಳು ಬಾಣಂತನಕ್ಕ ಬರತಾಳ, ಲಗೂ ಮುಗಸು ಅಂದಿದ್ದ.
ಇಪ್ಪತ್ತಾರು ದಿನಕ್ಕ ಮುಗಿಸಿ
ಟಾವೆಲ್ ಹೊದಿಸಿಕೊಂಡು, ಪೇಡೆ ತಿಂದು ಬಂದೆ.

ಅದರ ಬೆನ್ನಿಗೆ ಹತ್ತಿ ಮಗ್ಗದ ಮನಿ ಐತಿ.
ಅದನ್ನ ಕಟ್ಟಿದಾಂವ ನಮ್ಮಪ್ಪ, ಲಾಲಸಾಬ.
ಒಂದೂವರಿ ಮೊಳ ದಪ್ಪ ಮಣ್ಣು,
ಹೊಟ್ಟು ಹಾಕಿ ಎಂಟು ದಿನ ತುಳಿದದ್ದು.
ಬೇವಿನ ಜಂತಿ, ಜಂತಿ ಮ್ಯಾಲೆ ತೊಗರಿ ಕಟಗಿ,
ಕಟಗಿ ಮ್ಯಾಲೆ ಮೇಲ್ಮುದ್ದಿ, ಅದರ ಮ್ಯಾಲೆ ಸವಳು.
ಒಂದ ಬೆಳಕಿಂಡಿ. ಅದರ ಕೆಳಗ ತಗ್ಗಿನ ಮಗ್ಗ.
ಕೆಡವಿ ಬಿಡ್ರಿ, ಹಲ್ಲಿ ಬೀಳ್ತಾವ
ಅಂತ ಹೇಳಿದಾಂವನೂ ನಾನ.

ಡಿಸೆಂಬರ್ ತಿಂಗಳು. ಹನ್ನೊಂದು ದಿನದ ಕೂಸು.
ಮೂರು ರಾತ್ರಿ ನೋಡಿದಳು ನೀಲಗಂಗಾ.
ದುಪ್ಪಡಿ ಹೊದಿಸಿದ್ರೂ, ಅಗ್ಗಿಷ್ಟಿಗಿ ಇಟ್ರೂ
ಅಂಗಾಲು ತಣ್ಣಗ.
ನಾಕನೇ ರಾತ್ರಿ ಯಾರನ್ನೂ ಕೇಳಲಿಲ್ಲ,
ತೊಟ್ಟಿಲು ಎತ್ತಿ ಮಗ್ಗದ ಮನಿಯಾಗ ಇಟ್ಟು ಮಲಗಿದಳು.

ಅಲ್ಲಿಗೆ ಮುಗೀತಿತ್ತು.
ಆದ್ರ ಆಕಿ ಗೆಳತಿ ಮಹಾನಂದಾ,
ಬಾಗಲಕೋಟಿ ಕಾಲೇಜಿನಾಗ ಕಲಿಸಾಕಿ,
ಪಿಸ್ತೂಲಿನಂಥಾ ಒಂದು ಯಂತ್ರ ತಂದಳು.
ಬೆಳಗಿನ ನಾಕೂವರಿಗೆ ನನಗೂ ಫೋನು.
ಸ್ವೆಟರಿನ ಮ್ಯಾಲೆ ಸ್ವೆಟರ್ ಹಾಕ್ಕೊಂಡು ಹೋದೆ,
ಕಳ್ಳನ್ನ ಠಾಣೆಗೆ ಕರದಂಗ.

ನನ್ನ ಗ್ವಾಡಿಗೆ ಹಿಡದಳು: ಹದಿನಾಕು.
ನಮ್ಮಪ್ಪನ ಗ್ವಾಡಿಗೆ ಹಿಡದಳು: ಇಪ್ಪತ್ತೊಂದು.
ಯಂತ್ರ ಕೆಟ್ಟಿರಬೇಕು, ಅಂದೆ.
ಅಂಗೈ ಇಡ್ರಿ ಕಾಕಾ, ಅಂದಳು.

ಇಟ್ಟೆ.
ನಂದು, ತೊಯ್ಸಿ ಹಿಂಡಿದ ಅರಿವಿ ಮುಟ್ಟಿದಂಗ.
ಅಪ್ಪಂದು,
ಈಗಷ್ಟ ಯಾರೋ ಎದ್ದು ಹೋದ ಹಾಸಿಗಿ ಮುಟ್ಟಿದಂಗ.

ಈರಸಂಗಪ್ಪ ಸಾಯ್ತನಕಾ ಖಣ ನೇದಾಂವ.
ಹೊಸಾ ಗ್ವಾಡಿಗೆ ಬಾಗಿ, ಎರಡು ಬೆರಳಿನಾಗ
ಸೆರಗು ಹಿಡದು ನೋಡಿದಂಗ ಮಾಡಿ ಅಂದ:
ದಾವಲಾ, ಭಾಳ ಜಾಳ ನೇದೀಯಲ್ಲೋ.

ನಲವತ್ತು ವರ್ಷದ ಗೌಂಡಿಕಿಯಾಗ
ಒಳಂಬಿ ತಪ್ಪೇತಿ ಅಂದವರಿದ್ರು, ಮೂಲಿ ಸೊಟ್ಟ ಅಂದವರಿದ್ರು.
ಜಾಳ ಅಂದಾಂವ ಇಂವ ಒಬ್ಬನ.

ಮಹಾನಂದಾ ತಿಳಿಸಿ ಹೇಳಿದಳು:
ಮಧ್ಯಾಹ್ನದ ಬಿಸಲು ಆ ಮಣ್ಣಿನಾಗ ನಡಕೋತ ಬರತೈತಿ,
ಒಳಗ ಮುಟ್ಟೂದ್ರಾಗ ನಡುರಾತ್ರಿ.
ನಿಮ್ಮದರಾಗ ಮೋಟರ್‌ಸೈಕಲ್ ಮ್ಯಾಲೆ ಬಂದು
ಊಟದ ಹೊತ್ತಿಗೆ ಹೊಳ್ಳಿ ಹೋಗಿಬಿಡತೈತಿ.
ಏಪ್ರಿಲ್‌ದಾಗ ನೋಡ್ರಿ, ಹೋಗೂದ ಇಲ್ಲ.

ನಮ್ಮಪ್ಪಗ ಇದೆಲ್ಲಾ ಗೊತ್ತಿತ್ತು ಅನ್ನಾಕ ಬರೂದಿಲ್ಲ.
ಅಂವಗ ಸಿಮೆಂಟು ಸಿಗಲಿಲ್ಲ, ಅಷ್ಟ.
ಸಿಕ್ಕಿದ್ರ ಅಂವನೂ ಪೇಡೆ ತಿಂತಿದ್ದ.
ಮತ್ತ ಆ ಮಾಳಿಗಿಗೆ ವರ್ಷಾ ಮಳಿಗಿಂತ ಮುಂಚೆ
ಬುಟ್ಟಿ ಬುಟ್ಟಿ ಸವಳು ಹೊರಬೇಕು.
ಹೊತ್ತಾವರ ಕುತ್ತಿಗಿಗೆ ಯಾವ ಯಂತ್ರ ಹಿಡೀತೀರಿ?
ಇದನ್ನ ಅಂದೆನೋ, ಬರೇ ಅನಕೊಂಡೆನೋ, ನೆನಪಿಲ್ಲ.

ಸ್ಲ್ಯಾಬಿನ ಮ್ಯಾಲೆ ಮಡಿಕಿ ಬೋರಲು ಹಾಕಿ
ಸಂದಿಗೆ ಸುಣ್ಣದ ಗಚ್ಚು ತುಂಬೋಣು ಅಂದೆ.
ಪಡುವಣ ಗ್ವಾಡಿಗೆ ಹೊರಗಿಂದ ಇನ್ನೊಂದು ಗ್ವಾಡಿ,
ನಡುವ ಎರಡು ಬೆರಳು ಖಾಲಿ.
ಕೂಲಿ ಬ್ಯಾಡ.
ಖಾಲಿಗೂ ರೊಕ್ಕ ಕೊಡಬೇಕೇನು ಅಂತ ನಕ್ಕ ಈರಸಂಗಪ್ಪ.
ಒಳಗ ಕೂಸು ನಿದ್ದಿಗಣ್ಣಾಗ ಚೀಪತಿತ್ತು,
ತೊಟ್ಟಿಲದ ಹಗ್ಗ ಜಂತಿಗಿ ಸಣ್ಣಗ ಕಿರ್ ಅಂತಿತ್ತು.

ಚಾ ಕುಡದು ಮನಿಗೆ ಬಂದೆ.
ನಂದು ತಗಡಿನ ಮನಿ.
ಊರ ಮಂದಿದು ಕಟ್ಟಿ ಕಟ್ಟಿ, ನಂದು ಹಂಗ ಉಳದೈತಿ.
ಹೆಂಡತಿ ಎರಡು ಕೌದಿಯೊಳಗ ಮುದುಡಿ ಮಲಗಿದ್ದಳು.
ಹೊಸ್ತಿಲದಾಗ ನಿಂತು, ಬಲಗೈ ತೋರುಬೆರಳು ಚಾಚಿ,
ಆ ಹುಡಿಗಿ ಹಿಡದಂಗ ತಗಡಿಗೆ ಹಿಡದೆ.

ಟಿಕ್ ಅಂತು ತಗಡು.
ಹೊತ್ತು ಮೂಡಿದ್ದು ಅದಕ್ಕ ಮೊದಲು ಗೊತ್ತಾಗತೈತಿ.